ಇಂಟರ್ನೆಟ್‌ಗಿಂತ ಹಳೆಯ ಒಪ್ಪಂದ, ಆನ್‌ಲೈನ್ ಜೂಜಿನ ಕೇಸು

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿದ್ದೇನೆ. ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯೂಟಿಒ) ಸೇವಾ ವ್ಯಾಪಾರ ಒಪ್ಪಂದ, ಅಂದರೆ ಗ್ಯಾಟ್ಸ್, ಬರೆದದ್ದು 1994ರ ಹೊತ್ತಿಗೆ. ಆಗ ಆನ್‌ಲೈನ್ ವ್ಯಾಪಾರ ಹೆಸರಿಗಷ್ಟೇ ಇತ್ತು. ಆ ನಿಯಮಗಳು ಇವತ್ತಿನ ಆ್ಯಪ್, ವೆಬ್‌ಸೈಟ್‌ಗಳಿಗೂ ಅನ್ವಯಿಸುತ್ತವೆಯೇ? ಆಂಟಿಗುವಾ ಎಂಬ ಪುಟ್ಟ ದೇಶ ಇದೇ ವಿಷಯದಲ್ಲಿ ಅಮೆರಿಕವನ್ನು ಸೋಲಿಸಿತು ಅಂತ ನಮ್ಮ ಮೇಷ್ಟ್ರು ಹೇಳಿದರು. ಅದಕ್ಕೆ ಕೊನೆಗೆ ಸಿಕ್ಕಿದ್ದೇನು? ಹಾಗಿದ್ದರೆ 2025ರಲ್ಲಿ ಭಾರತ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ್ದನ್ನೂ ಬೇರೆ ದೇಶ ಅಲ್ಲಿ ಪ್ರಶ್ನಿಸಬಹುದೇ?

ಉತ್ತರ: ಅನ್ವಯಿಸುತ್ತವೆ. ಇದರಲ್ಲಿ ಅನುಮಾನ ಬೇಡ. ಆದರೆ ಹೇಗೆ ಅನ್ವಯಿಸುತ್ತವೆ ಅನ್ನುವುದು ಗೊತ್ತಾಗಬೇಕಾದರೆ ಒಪ್ಪಂದದ ಮುಖ್ಯ ಪಠ್ಯ ಓದಿದರೆ ಸಾಲದು, ಅದಕ್ಕೆ ಅಂಟಿಕೊಂಡಿರುವ ಶೆಡ್ಯೂಲ್‌ಗಳನ್ನು ಓದಬೇಕು. ವಿದ್ಯಾರ್ಥಿಗಳು ಹೆಚ್ಚಾಗಿ ಬಿಟ್ಟುಬಿಡುವುದು ಅದನ್ನೇ. ಜಗಳಗಳೆಲ್ಲ ಹುಟ್ಟುವುದೂ ಅಲ್ಲೇ.

ಸರಕು ವ್ಯಾಪಾರದ ನಿಯಮಗಳಿಗೂ ಗ್ಯಾಟ್ಸ್‌ಗೂ ಒಂದು ದೊಡ್ಡ ವ್ಯತ್ಯಾಸವಿದೆ. ಗ್ಯಾಟ್ಸ್‌ಗೆ ಸಹಿ ಹಾಕಿದ ಮಾತ್ರಕ್ಕೆ ಯಾವ ದೇಶವೂ ತನ್ನ ಸೇವಾ ಮಾರುಕಟ್ಟೆಯನ್ನೆಲ್ಲ ತೆರೆದಿಡಬೇಕಿಲ್ಲ. ಯಾವ ಸೇವೆಯನ್ನು ತೆರೆಯುತ್ತೇನೆ, ಎಷ್ಟು ತೆರೆಯುತ್ತೇನೆ ಅಂತ ಆಯಾ ದೇಶವೇ ಒಂದು ಪಟ್ಟಿ ಬರೆದುಕೊಡುತ್ತದೆ. ಅದೇ ಶೆಡ್ಯೂಲ್. ಪ್ರತಿ ಸೇವೆಯ ಮುಂದೆ ನಾಲ್ಕು ವಿಧಾನಗಳಿಗೆ ಬೇರೆ ಬೇರೆಯಾಗಿ ಬರೆಯಬೇಕು. ಸೇವೆ ಮಾತ್ರ ಗಡಿ ದಾಟಿ ಬರುವುದು ಒಂದನೆಯ ವಿಧಾನ. ಗ್ರಾಹಕನೇ ಹೊರದೇಶಕ್ಕೆ ಹೋಗಿ ಸೇವೆ ಪಡೆಯುವುದು ಎರಡನೆಯದು. ಕಂಪನಿ ಇಲ್ಲಿಗೇ ಬಂದು ಶಾಖೆ ತೆರೆಯುವುದು ಮೂರನೆಯದು. ಕೆಲಸಗಾರ ಖುದ್ದಾಗಿ ಬರುವುದು ನಾಲ್ಕನೆಯದು. ಬೆಂಗಳೂರಿನ ಎಂಜಿನಿಯರು ವೀಸಾ ಪಡೆದು ಟೆಕ್ಸಾಸ್‌ಗೆ ಹೋದರೆ ನಾಲ್ಕನೆಯ ವಿಧಾನ. ಅದೇ ಎಂಜಿನಿಯರು ಜಯನಗರದ ಮನೆಯಲ್ಲಿ ಕೂತು ಟೆಕ್ಸಾಸ್‌ನ ಕಂಪನಿಗೆ ಕೋಡ್ ಕಳಿಸಿದರೆ ಒಂದನೆಯದು.

ಆ ಒಂದನೆಯ ವಿಧಾನವನ್ನು ಬರೆದವರ ಮನಸ್ಸಿನಲ್ಲಿ ಟೆಲಿಫೋನ್, ಫ್ಯಾಕ್ಸ್, ಅಂಚೆ ಇದ್ದಿರಬಹುದು. ಬರೆದ ಮಾತಿನಲ್ಲಿ ಮಾತ್ರ ಯಾವ ಸಾಧನದ ಹೆಸರೂ ಇಲ್ಲ. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸೇವೆ ಹೋಗಬೇಕು, ಅಷ್ಟೇ. ಆಂಟಿಗುವಾ ಕೇಸು ನಿಂತದ್ದು ಇದರ ಮೇಲೆ.

ಆಂಟಿಗುವಾ ಮತ್ತು ಬಾರ್ಬುಡಾ ಕೆರಿಬಿಯನ್ ಸಮುದ್ರದ ದ್ವೀಪ ದೇಶ. ಒಂದು ಲಕ್ಷ ಜನರೂ ಅಲ್ಲಿಲ್ಲ. ಬದುಕು ಪ್ರವಾಸೋದ್ಯಮದ ಮೇಲೆ. ಚಂಡಮಾರುತ ಬಂದರೆ ಆ ವರ್ಷದ ದುಡಿಮೆ ಹೋಯಿತು. ಹಾಗಾಗಿ 1990ರ ದಶಕದಲ್ಲಿ ಅಲ್ಲಿನ ಸರ್ಕಾರ ಬೇರೆ ದಾರಿ ಹುಡುಕಿತು. ಆನ್‌ಲೈನ್ ಬೆಟ್ಟಿಂಗ್ ಕಂಪನಿಗಳಿಗೆ ಪರವಾನಗಿ ಕೊಟ್ಟು, ಶುಲ್ಕ ತೆಗೆದುಕೊಂಡು, ನಿಗಾ ಇಡತೊಡಗಿತು. ಗ್ರಾಹಕರು ಬಹುಪಾಲು ಅಮೆರಿಕದವರು. ಆ ಉದ್ಯಮ ಜೋರಾಗಿದ್ದಾಗ 119 ಕಂಪನಿಗಳಿದ್ದವು, ಸುಮಾರು 3,000 ಜನರಿಗೆ ಕೆಲಸವಿತ್ತು, 2003ರ ಹೊತ್ತಿಗೆ ಉಳಿದದ್ದು 28 ಕಂಪನಿ, 500ಕ್ಕೂ ಕಡಿಮೆ ಕೆಲಸ ಅಂತ ಆಂಟಿಗುವಾ ಡಬ್ಲ್ಯೂಟಿಒ ಮುಂದೆ ಲೆಕ್ಕ ಕೊಟ್ಟಿತು. ನಮಗೆ ಇದು ಸಣ್ಣ ಸಂಖ್ಯೆ ಅನ್ನಿಸಬಹುದು. ಅಷ್ಟು ಪುಟ್ಟ ದೇಶಕ್ಕೆ ದೊಡ್ಡ ಪೆಟ್ಟು.

ಪೆಟ್ಟು ಕೊಟ್ಟದ್ದು ಅಮೆರಿಕದ ಫೆಡರಲ್ ಕಾನೂನುಗಳು. ಅದರಲ್ಲಿ ಮುಖ್ಯವಾದದ್ದು 1961ರ ವೈರ್ ಆ್ಯಕ್ಟ್. ತಂತಿಯ ಮೂಲಕ, ಅಂದರೆ ಫೋನಿನ ಮೂಲಕ, ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಾಜಿ ಕಟ್ಟಿಸಿಕೊಳ್ಳುವ ದಂಧೆಯನ್ನು ತಡೆಯಲು ಮಾಡಿದ ಕಾನೂನು ಅದು. ಅದನ್ನೇ ಇಂಟರ್ನೆಟ್ ಬೆಟ್ಟಿಂಗ್ ಮೇಲೂ ಹೂಡಿದರು. ಆಂಟಿಗುವಾದಿಂದ ವೆಬ್‌ಸೈಟ್ ನಡೆಸುತ್ತಿದ್ದ ಒಬ್ಬ ಅಮೆರಿಕನ್ನನಿಗೆ 2000ದಲ್ಲಿ ನ್ಯೂಯಾರ್ಕಿನ ಕೋರ್ಟು ಜೈಲು ಶಿಕ್ಷೆಯನ್ನೂ ಕೊಟ್ಟಿತು. ಇಲ್ಲಿ ಗಮನಿಸಿ: ಹಳೆಯ ಕಾನೂನು ಹೊಸ ತಂತ್ರಜ್ಞಾನಕ್ಕೆ ಅನ್ವಯಿಸುತ್ತದೆ ಅಂತ ಮೊದಲು ವಾದಿಸಿದ್ದು ಅಮೆರಿಕವೇ, ತನ್ನ ದೇಶದ ಕೋರ್ಟಿನಲ್ಲಿ.

2003ರ ಮಾರ್ಚ್‌ನಲ್ಲಿ ಆಂಟಿಗುವಾ ಡಬ್ಲ್ಯೂಟಿಒಗೆ ದೂರು ಕೊಟ್ಟಿತು. ಅಮೆರಿಕ ತನ್ನ ಶೆಡ್ಯೂಲಿನ 10.ಡಿ ಸಾಲಿನಲ್ಲಿ ‘ಇತರ ಮನರಂಜನಾ ಸೇವೆಗಳು, ಸ್ಪೋರ್ಟಿಂಗ್ ಬಿಟ್ಟು’ ಅಂತ ಬರೆದಿತ್ತು. ಒಂದನೆಯ ವಿಧಾನದ ಎದುರು ‘ನನ್’ ಅಂತ ಒಂದೇ ಪದ. ಮೊದಲ ಸಲ ನೋಡಿದವರು ‘ಏನೂ ಕೊಟ್ಟಿಲ್ಲ’ ಅಂತ ಓದಿಬಿಡುತ್ತಾರೆ. ಅರ್ಥ ಅದಕ್ಕೆ ತದ್ವಿರುದ್ಧ. ಮಿತಿಗಳ ಕಾಲಂನಲ್ಲಿ ‘ನನ್’ ಅಂದರೆ ಯಾವ ಮಿತಿಯೂ ಇಲ್ಲ, ಪೂರ್ತಿ ತೆರೆದಿದ್ದೇವೆ ಅಂತ. ಬಾಗಿಲು ಮುಚ್ಚಿದ್ದೇವೆ ಅನ್ನಬೇಕಿದ್ದರೆ ‘ಅನ್‌ಬೌಂಡ್’ ಅಂತ ಬರೆಯಬೇಕಿತ್ತು. ಪರೀಕ್ಷೆಯಲ್ಲಿ ಇದನ್ನು ತಿರುವುಮುರುವು ಮಾಡಿಕೊಳ್ಳಬೇಡಿ.

ಅಮೆರಿಕದ ಮೊದಲ ವಾದ ಹೀಗಿತ್ತು: ‘ಸ್ಪೋರ್ಟಿಂಗ್ ಬಿಟ್ಟು ಅಂತ ಬರೆದಿದ್ದೇವೆ, ಆ ಪದದಲ್ಲಿ ಜೂಜೂ ಸೇರುತ್ತದೆ. ಜೂಜನ್ನು ತೆರೆಯುವ ಉದ್ದೇಶ ನಮಗೆ ಯಾವತ್ತೂ ಇರಲಿಲ್ಲ.’ ಇದು ಸುಳ್ಳು ವಾದ ಅಂತ ನನಗೆ ಅನ್ನಿಸುವುದಿಲ್ಲ. ಬಹುಶಃ ನಿಜವಾಗಿಯೂ ಅವರಿಗೆ ಆ ಉದ್ದೇಶ ಇರಲಿಲ್ಲ. ಆದರೆ ಒಪ್ಪಂದವನ್ನು ಓದುವಾಗ ಒಂದು ಪಕ್ಷದ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಎಲ್ಲರೂ ಸೇರಿ ಒಪ್ಪಿದ್ದೇನು ಅನ್ನುವುದು ಬರುತ್ತದೆ. ನಿಘಂಟುಗಳಿಂದ ಇದು ತೀರ್ಮಾನವಾಗಲಿಲ್ಲ. ಕೆಲವು ನಿಘಂಟಿನಲ್ಲಿ ಸ್ಪೋರ್ಟಿಂಗ್ ಅಂದರೆ ಜೂಜೂ ಹೌದು, ಕೆಲವದರಲ್ಲಿ ಅಲ್ಲ. ಹಾಗಾಗಿ ಅಪೆಲೆಟ್ ಬಾಡಿ, ಅಂದರೆ ಡಬ್ಲ್ಯೂಟಿಒದ ಮೇಲ್ಮನವಿ ಪೀಠ, ಶೆಡ್ಯೂಲ್ ಬರೆಯಲು ಹೆಚ್ಚಿನ ದೇಶಗಳು ಆಧಾರವಾಗಿ ಇಟ್ಟುಕೊಂಡಿದ್ದ ಒಂದು ವರ್ಗೀಕರಣ ಪಟ್ಟಿಯನ್ನು ತೆಗೆದು ನೋಡಿತು. ಅದರ ಹೆಸರು ಡಬ್ಲ್ಯೂ/120. ಅದರ ಬಹುಪಾಲು ಸಾಲುಗಳಿಗೆ ವಿಶ್ವಸಂಸ್ಥೆಯ ಉತ್ಪನ್ನ ವರ್ಗೀಕರಣದ ಒಂದು ಸಂಖ್ಯೆ ಇದೆ. 10.ಡಿ ಸಾಲಿಗಿರುವ ಸಂಖ್ಯೆ 964. ಆ 964ರ ಒಳಗೆ ಇಳಿದು ನೋಡಿದರೆ 96492 ಅಂತ ಒಂದು ಉಪವಿಭಾಗ. ಅದರ ಹೆಸರೇ ಜೂಜು ಮತ್ತು ಬೆಟ್ಟಿಂಗ್ ಸೇವೆಗಳು. ಸ್ಪೋರ್ಟಿಂಗ್ ಸೇವೆಗೆ ಬೇರೆ ಉಪವಿಭಾಗವೇ ಇದೆ. ಬೇರೆ ಅನೇಕ ದೇಶಗಳು ಆ ಸಂಖ್ಯೆಗಳನ್ನು ಶೆಡ್ಯೂಲಿನಲ್ಲೇ ನಮೂದಿಸಿದ್ದವು, ಅಮೆರಿಕ ನಮೂದಿಸಿರಲಿಲ್ಲ. ಆದರೂ ಅದೇ ಪಟ್ಟಿಯ ಸಾಲುಗಳನ್ನೇ ಅನುಸರಿಸಿತ್ತು. ಅಲ್ಲಿಗೆ ಅಮೆರಿಕ ಸಿಕ್ಕಿಬಿತ್ತು.

ಕೇಸಿನ ಎರಡನೆಯ ಪ್ರಶ್ನೆ ನಿಮ್ಮ ಮೊದಲ ಪ್ರಶ್ನೆಯೇ: ಸರಿ, ಜೂಜನ್ನು ತೆರೆದಿದ್ದೇವೆ ಅಂತಲೇ ಇಟ್ಟುಕೊಳ್ಳೋಣ, ಇಂಟರ್ನೆಟ್ ಜೂಜನ್ನೂ ತೆರೆದಂತಾಯಿತೇ? ಪ್ಯಾನೆಲ್, ಅಂದರೆ ಮೇಲ್ಮನವಿಗೆ ಮೊದಲು ಕೇಸು ಕೇಳುವ ಪೀಠ, ಹೇಳಿದ್ದು ನೇರವಾಗಿತ್ತು. ಒಂದನೆಯ ವಿಧಾನದಲ್ಲಿ ಮಿತಿ ಹಾಕದೆ ತೆರೆದರೆ ಅಂಚೆ, ಫೋನ್, ಇಂಟರ್ನೆಟ್, ಯಾವ ದಾರಿಯಲ್ಲಿ ಬಂದರೂ ತೆರೆದಂತೆಯೇ. ಒಂದು ದಾರಿ ಬೇಡ ಅಂದರೆ ಶೆಡ್ಯೂಲಿನಲ್ಲೇ ಹಾಗೆ ಬರೆಯಬೇಕು. ಇದನ್ನೇ ತಂತ್ರಜ್ಞಾನ ತಟಸ್ಥತೆ ಅನ್ನುತ್ತಾರೆ. ಇವತ್ತಿನ ಡಿಜಿಟಲ್ ವ್ಯಾಪಾರ ಕಾನೂನಿನ ಅಡಿಪಾಯ ಇದೇ ಅಂತ ನಾನು ನಂಬುತ್ತೇನೆ. ಇದರಲ್ಲಿ ನಮ್ಮ ಸ್ವಾರ್ಥವೂ ಇದೆ. ಬೆಂಗಳೂರು, ಮೈಸೂರು, ಮಂಗಳೂರಿನ ಸಾಫ್ಟ್‌ವೇರ್ ಮತ್ತು ಬಿಪಿಒ ಕೆಲಸ ನಡೆಯುವುದೇ ಒಂದನೆಯ ವಿಧಾನದಲ್ಲಿ. ‘1994ರಲ್ಲಿ ಕೊಟ್ಟ ಮಾತು ಫ್ಯಾಕ್ಸಿಗೆ ಮಾತ್ರ, ಇಂಟರ್ನೆಟ್‌ಗೆ ಅಲ್ಲ’ ಅಂತ ಶ್ರೀಮಂತ ದೇಶಗಳು ಹೇಳಲು ಬಿಟ್ಟಿದ್ದರೆ ಮೊದಲು ಏಟು ಬೀಳುತ್ತಿದ್ದುದು ನಮಗೇ.

ಮೂರನೆಯದು, ನಿಷೇಧ. ‘ನಾವು ಸಂಖ್ಯೆಯ ಮಿತಿ ಹಾಕಿಲ್ಲ, ನಿಷೇಧಿಸಿದ್ದೇವೆ, ಮಾರುಕಟ್ಟೆ ಪ್ರವೇಶದ 16ನೇ ವಿಧಿ ಹೇಳುವುದು ಕೋಟಾಗಳ ಬಗ್ಗೆ’ ಅಂತ ಅಮೆರಿಕ ವಾದಿಸಿತು. ಅಪೆಲೆಟ್ ಬಾಡಿ ಒಪ್ಪಲಿಲ್ಲ. ಪೂರ್ತಿ ನಿಷೇಧ ಅಂದರೆ ಸೊನ್ನೆಯ ಕೋಟಾ. ಹತ್ತು ಕಂಪನಿಗೆ ಮಾತ್ರ ಅವಕಾಶ ಅನ್ನುವುದು ತಪ್ಪಾದರೆ ಯಾರಿಗೂ ಅವಕಾಶವಿಲ್ಲ ಅನ್ನುವುದು ಸರಿಯಾಗುವುದು ಹೇಗೆ? ಈ ತೀರ್ಮಾನವನ್ನು ಟೀಕಿಸುವವರು ಜಾಸ್ತಿ. ದೇಶದೊಳಗಿನವರಿಗೂ ಹೊರಗಿನವರಿಗೂ ಸಮಾನವಾಗಿ ಹಾಕಿದ ನಿಷೇಧವೂ ಇದರಿಂದ ಸಿಕ್ಕಿಬೀಳುತ್ತದೆ, ಸರ್ಕಾರಗಳ ಕೈ ಕಟ್ಟಿದಂತಾಗುತ್ತದೆ ಅನ್ನುವುದು ಅವರ ಆತಂಕ. ಆತಂಕದಲ್ಲಿ ಹುರುಳಿದೆ. ಅದಕ್ಕೇ ಒಪ್ಪಂದದಲ್ಲಿ 14ನೇ ವಿಧಿ ಇದೆ. ಸಾರ್ವಜನಿಕ ನೈತಿಕತೆ, ಜನರ ಜೀವ ಮತ್ತು ಆರೋಗ್ಯ, ಖಾಸಗಿ ಮಾಹಿತಿಯ ರಕ್ಷಣೆ, ಇಂಥ ಕಾರಣಗಳಿಗೆ ಅಗತ್ಯವಿದ್ದರೆ ಕೊಟ್ಟ ಮಾತನ್ನು ಮೀರಬಹುದು.

ಸಾರ್ವಜನಿಕ ನೈತಿಕತೆ ಅನ್ನುವ ವಾದವನ್ನು ಡಬ್ಲ್ಯೂಟಿಒ ತೂಗಿ ನೋಡಿದ್ದು ಈ ಕೇಸಿನಲ್ಲೇ ಮೊದಲು. ನೈತಿಕತೆ ಅಂದರೆ ಏನು ಅಂತ ಡಬ್ಲ್ಯೂಟಿಒ ಕಚೇರಿ ಇರುವ ಜಿನೀವಾದಲ್ಲಿ ಕೂತು ಹೇಳುವುದಿಲ್ಲ, ಆಯಾ ಸಮಾಜ ಸರಿ ತಪ್ಪು ಅಂತ ನಂಬಿದ್ದನ್ನು ಆ ದೇಶವೇ ಹೇಳಬಹುದು ಅಂತ ತೀರ್ಪುಗಾರರು ಒಪ್ಪಿದರು. ಆನ್‌ಲೈನ್ ಜೂಜಿನಿಂದ ಮಕ್ಕಳು ಹಾಳಾಗುತ್ತಾರೆ, ಚಟ ಹತ್ತುತ್ತದೆ, ಕಪ್ಪು ಹಣ ಬಿಳಿಯಾಗುತ್ತದೆ, ಮೋಸ ನಡೆಯುತ್ತದೆ ಎಂಬ ಅಮೆರಿಕದ ಕಾಳಜಿಗಳನ್ನೂ ಒಪ್ಪಿದರು. ನಿಷೇಧ ಅಗತ್ಯ ಅಂತಲೂ ಅಪೆಲೆಟ್ ಬಾಡಿ ಒಪ್ಪಿತು.

ಹಾಗಾದರೆ ಅಮೆರಿಕ ಸೋತದ್ದು ಎಲ್ಲಿ? ಕುದುರೆ ರೇಸಿನಲ್ಲಿ. 14ನೇ ವಿಧಿಯ ಆರಂಭದಲ್ಲೇ ಒಂದು ಷರತ್ತಿದೆ. ವಿನಾಯಿತಿಯನ್ನು ತಾರತಮ್ಯಕ್ಕೆ ಮುಖವಾಡ ಮಾಡಿಕೊಳ್ಳಬಾರದು ಅಂತ. ಅಮೆರಿಕದಲ್ಲಿ 1978ರ ಅಂತರರಾಜ್ಯ ಕುದುರೆ ರೇಸ್ ಕಾಯ್ದೆ ಇದೆ. 2000ದಲ್ಲಿ ಅದಕ್ಕೆ ತಿದ್ದುಪಡಿ ತಂದು, ಫೋನು ಮತ್ತು ಇತರ ಎಲೆಕ್ಟ್ರಾನಿಕ್ ಮಾಧ್ಯಮಗಳ ಮೂಲಕ ಕಟ್ಟುವ ಬಾಜಿಯನ್ನೂ ಅದರೊಳಗೆ ಸೇರಿಸಿದ್ದರು. ಅಂದರೆ ಅಮೆರಿಕದ ಕಂಪನಿ ಆನ್‌ಲೈನಿನಲ್ಲಿ ಕುದುರೆ ಮೇಲೆ ಬಾಜಿ ಕಟ್ಟಿಸಿಕೊಳ್ಳಬಹುದು, ಆಂಟಿಗುವಾದ ಕಂಪನಿ ಮಾಡಿದರೆ ಅದು ಅನೈತಿಕ. ಇಷ್ಟೇ ಒಂದು ಸಂದಿಯಲ್ಲಿ 2005ರ ಏಪ್ರಿಲ್‌ನಲ್ಲಿ ಅಮೆರಿಕ ಸೋತಿತು. ನೈತಿಕತೆಯ ಉಳಿದ ವಾದದಲ್ಲಿ ಅದು ಬಹುಪಾಲು ಗೆದ್ದಿತ್ತು ಅನ್ನುವುದನ್ನು ಪಠ್ಯಪುಸ್ತಕಗಳು ಒತ್ತಿ ಹೇಳುವುದಿಲ್ಲ. ನೀವು ಸೆಮಿನಾರಿನಲ್ಲಿ ಹೇಳಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಸಿಕ್ಕಿದ್ದೇನು? ಇದನ್ನು ಬರೆಯುವಾಗ ನನಗೆ ಈಗಲೂ ಬೇಸರವಾಗುತ್ತದೆ.

ತೀರ್ಪು ಪಾಲಿಸಲು ಅಮೆರಿಕಕ್ಕೆ 2006ರ ಏಪ್ರಿಲ್‌ವರೆಗೆ ಸಮಯ ಕೊಟ್ಟರು. ಗಡುವು ಬಂದಾಗ ಅಮೆರಿಕ ಒಂದೂ ಕಾನೂನು ಬದಲಾಯಿಸಿರಲಿಲ್ಲ. ನಾವು ಈಗಾಗಲೇ ನಿಯಮದ ಪ್ರಕಾರವೇ ಇದ್ದೇವೆ ಅಂತ ಹೇಳಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬ್ಯಾಂಕು ಮತ್ತು ಕಾರ್ಡ್ ಕಂಪನಿಗಳು ಆನ್‌ಲೈನ್ ಜೂಜಿಗೆ ಹಣ ರವಾನಿಸದಂತೆ ಹೊಸ ಕಾನೂನನ್ನೇ ತಂದಿತು. ಅದರಲ್ಲೂ ಕುದುರೆ ರೇಸಿಗೆ ರಿಯಾಯಿತಿ ಉಳಿಯಿತು. 2007ರ ಮಾರ್ಚ್‌ನಲ್ಲಿ ಇನ್ನೊಂದು ಪ್ಯಾನೆಲ್, ಅಮೆರಿಕ ತೀರ್ಪು ಪಾಲಿಸಿಲ್ಲ ಅಂತ ಹೇಳಿತು.

ಪಾಲಿಸದಿದ್ದರೆ ಗೆದ್ದ ದೇಶ ಪ್ರತಿಕ್ರಮ ತೆಗೆದುಕೊಳ್ಳಬಹುದು. ಎಷ್ಟು ಮೊತ್ತಕ್ಕೆ ಅಂತ ಪಂಚರು ನಿರ್ಧರಿಸುತ್ತಾರೆ. ಆಂಟಿಗುವಾ ಕೇಳಿದ್ದು ವರ್ಷಕ್ಕೆ 344.3 ಕೋಟಿ ಡಾಲರ್. ಅಮೆರಿಕ ಹೇಳಿದ್ದು 5 ಲಕ್ಷ ಡಾಲರ್. 2007ರ ಡಿಸೆಂಬರ್‌ನಲ್ಲಿ ಪಂಚರು ಕೊಟ್ಟದ್ದು ವರ್ಷಕ್ಕೆ 2.1 ಕೋಟಿ ಡಾಲರ್. ಯಾಕೆ ಇಷ್ಟು ಕಡಿಮೆ? ಅಮೆರಿಕ ಪಾಲಿಸಿದ್ದರೆ ಕುದುರೆ ರೇಸಿನ ಬಾಜಿಯನ್ನು ಮಾತ್ರ ತೆರೆಯುತ್ತಿತ್ತು, ಎಲ್ಲ ಜೂಜನ್ನೂ ಅಲ್ಲ, ಹಾಗಾಗಿ ನಷ್ಟವೂ ಅಷ್ಟಕ್ಕೇ ಅಂತ ಅವರು ಲೆಕ್ಕ ಹಾಕಿದರು. ನೋಡಿ, ತೀರ್ಪಿನ ಆ ಸಣ್ಣ ಸಂದಿ ಇಲ್ಲಿ ಎಷ್ಟು ದುಬಾರಿಯಾಯಿತು.

ಸರಿ, 2.1 ಕೋಟಿಯ ಪ್ರತಿಕ್ರಮ ಅಂದರೆ ಅಮೆರಿಕ ಚೆಕ್ ಬರೆದುಕೊಡುತ್ತದೆ ಅಂತಲ್ಲ. ಅಷ್ಟು ಮೊತ್ತದ ಮಟ್ಟಿಗೆ ಅಮೆರಿಕಕ್ಕೆ ಕೊಟ್ಟ ವ್ಯಾಪಾರ ಹಕ್ಕುಗಳನ್ನು ಆಂಟಿಗುವಾ ತಡೆಹಿಡಿಯಬಹುದು ಅಂತ. ಹಳ್ಳಿಯ ಸಣ್ಣ ಅಂಗಡಿಯವನು ಸಗಟು ವ್ಯಾಪಾರಿಯ ಮೇಲೆ ಸಿಟ್ಟಾಗಿ ಸಾಮಾನು ತರಿಸುವುದು ನಿಲ್ಲಿಸಿದರೆ ಕಷ್ಟ ಅಂಗಡಿಯವನಿಗೇ ಅಲ್ವಾ? ಅಮೆರಿಕದ ಸರಕಿಗೆ ಸುಂಕ ಏರಿಸಿದರೆ ಆಂಟಿಗುವಾದ ಜನರೇ ಜಾಸ್ತಿ ಬೆಲೆ ಕೊಡಬೇಕು. ಇದು ಪಂಚರಿಗೂ ಅರ್ಥವಾಯಿತು. ಅದಕ್ಕೇ ಅವರು ಬೌದ್ಧಿಕ ಆಸ್ತಿಯ ಒಪ್ಪಂದವಾದ ಟ್ರಿಪ್ಸ್ ಅಡಿಯಲ್ಲಿ ಪ್ರತಿಕ್ರಮಕ್ಕೆ ದಾರಿ ಬಿಟ್ಟರು. ಅಂದರೆ ವರ್ಷಕ್ಕೆ 2.1 ಕೋಟಿ ಡಾಲರ್ ಮಟ್ಟಿಗೆ ಅಮೆರಿಕದ ಕಾಪಿರೈಟ್, ಟ್ರೇಡ್‌ಮಾರ್ಕ್, ಪೇಟೆಂಟ್‌ಗಳನ್ನು ಆಂಟಿಗುವಾ ಗೌರವಿಸಬೇಕಾಗಿಲ್ಲ. ಹಾಲಿವುಡ್ ಸಿನಿಮಾ, ಸಾಫ್ಟ್‌ವೇರ್ ಮಾರುವ ಒಂದು ಸರ್ಕಾರಿ ವೆಬ್‌ಸೈಟ್ ತೆರೆಯುವ ಮಾತೂ ಅಲ್ಲಿ ಕೇಳಿಬಂತು. ಡಬ್ಲ್ಯೂಟಿಒದ ವಿವಾದ ಇತ್ಯರ್ಥ ಮಂಡಳಿ 2013ರ ಜನವರಿಯಲ್ಲಿ ಅಧಿಕೃತ ಅನುಮತಿ ಕೊಟ್ಟಿತು. ಅದು ಸರ್ಕಾರವೇ ನಡೆಸುವ ಪೈರಸಿ ಆಗುತ್ತದೆ ಅಂತ ಅಮೆರಿಕ ಎಚ್ಚರಿಸಿತು. ಪ್ರವಾಸಿಗರೂ ಅಮೆರಿಕದವರೇ, ಬಂಡವಾಳವೂ ಅಲ್ಲಿಂದಲೇ ಬರಬೇಕು. ಹಕ್ಕು ಕೈಯಲ್ಲಿದ್ದರೂ ಆಂಟಿಗುವಾಗೆ ಅದನ್ನು ಚಲಾಯಿಸುವ ಧೈರ್ಯ ಬರಲಿಲ್ಲ. ನಂತರದ ವರ್ಷಗಳಲ್ಲೂ ಅದು ಜಿನೀವಾದ ಸಭೆಗಳಲ್ಲಿ ನಮ್ಮ ಪರಿಹಾರ ಇನ್ನೂ ಬಂದಿಲ್ಲ ಅಂತ ನೆನಪಿಸುತ್ತಲೇ ಬಂತು.

ಇದರ ನಡುವೆ ಅಮೆರಿಕ ಇನ್ನೊಂದು ದಾರಿ ಹಿಡಿಯಿತು. ಗ್ಯಾಟ್ಸ್‌ನ 21ನೇ ವಿಧಿ ಪ್ರಕಾರ ಒಂದು ದೇಶ ತನ್ನ ಶೆಡ್ಯೂಲಿನ ಸಾಲನ್ನು ವಾಪಸ್ ತೆಗೆದುಕೊಳ್ಳಬಹುದು, ಆದರೆ ಅದರಿಂದ ನಷ್ಟವಾಗುವ ದೇಶಗಳಿಗೆ ಬದಲಿಗೆ ಬೇರೆ ಏನಾದರೂ ಕೊಡಬೇಕು. ಜೂಜು ಆ ಸಾಲಿನಲ್ಲಿ ಸೇರುವುದಿಲ್ಲ ಅಂತ ತಿದ್ದುತ್ತೇವೆ ಎಂದು 2007ರ ಮೇ ತಿಂಗಳಲ್ಲಿ ಅಮೆರಿಕ ಘೋಷಿಸಿತು. ಬದಲಿ ಕೇಳಿದವರಲ್ಲಿ ಯುರೋಪ್, ಜಪಾನ್, ಕೆನಡಾ, ಆಸ್ಟ್ರೇಲಿಯಾ ಇದ್ದವು. ಭಾರತವೂ ಹಕ್ಕು ಮಂಡಿಸಿತ್ತು. ಯುರೋಪು ಮತ್ತಿತರ ದೊಡ್ಡವರ ಜೊತೆ ಉಗ್ರಾಣ, ಸಂಶೋಧನೆಯಂಥ ಬೇರೆ ಸೇವೆಗಳನ್ನು ತೆರೆಯುವ ಒಪ್ಪಂದವೂ ಆಯಿತು. ಕೇಸು ಹಾಕಿ ಗೆದ್ದವರ ಜೊತೆ ಮಾತ್ರ ಆಗಲಿಲ್ಲ.

2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕ್ರೀಡಾ ಬೆಟ್ಟಿಂಗ್ ತಡೆಯುತ್ತಿದ್ದ ಫೆಡರಲ್ ಕಾನೂನೊಂದನ್ನು ರದ್ದು ಮಾಡಿತು. ಆಮೇಲೆ ಒಂದೊಂದೇ ರಾಜ್ಯ ಆನ್‌ಲೈನ್ ಬೆಟ್ಟಿಂಗ್‌ಗೆ ಪರವಾನಗಿ ಕೊಡುತ್ತಾ ಬಂತು. ಪರವಾನಗಿ ಪಡೆದ ಅಲ್ಲಿನ ಕಂಪನಿಗಳು ಈಗ ಟಿವಿಯಲ್ಲಿ ಜಾಹೀರಾತು ಕೊಡುತ್ತವೆ. ಯಾವ ನೈತಿಕತೆಯ ಹೆಸರಿನಲ್ಲಿ ಆಂಟಿಗುವಾದ ಉದ್ಯಮ ಮುಚ್ಚಿಸಿದರೋ ಆ ನೈತಿಕತೆ ಹದಿನೈದೇ ವರ್ಷಗಳಲ್ಲಿ ಹೀಗಾಯಿತು. ಇದು ಅನ್ಯಾಯ ಅಂತ ನಾನು ನೇರವಾಗಿಯೇ ಹೇಳುತ್ತೇನೆ.

ಆದರೂ ಕೇಸು ವ್ಯರ್ಥವಾಯಿತು ಅನ್ನಬೇಡಿ. ಅದು ಹಾಕಿಕೊಟ್ಟ ದಾರಿಯಲ್ಲಿ ಆಮೇಲಿನ ಕೇಸುಗಳು ನಡೆದವು. ಚೀನಾ ತನ್ನ ಶೆಡ್ಯೂಲಿನಲ್ಲಿ ‘ಧ್ವನಿಮುದ್ರಿಕೆ ವಿತರಣಾ ಸೇವೆ’ ಅಂತ ಬರೆದಿತ್ತು. ಅದು ಕ್ಯಾಸೆಟ್, ಸಿಡಿಗೆ ಮಾತ್ರ, ಆನ್‌ಲೈನ್ ಸಂಗೀತಕ್ಕಲ್ಲ ಅಂತ ವಾದಿಸಿತು. 2009ರಲ್ಲಿ ಅಪೆಲೆಟ್ ಬಾಡಿ ಅದನ್ನು ತಳ್ಳಿಹಾಕಿತು. ಇಂಥ ಸಾಮಾನ್ಯ ಪದಗಳ ವ್ಯಾಪ್ತಿ ಕಾಲದ ಜೊತೆ ಬದಲಾಗಬಹುದು ಅಂತ ಹೇಳಿತು. ಆಗ ಗೆದ್ದದ್ದು ಅಮೆರಿಕ. ಆಂಟಿಗುವಾ ವಿರುದ್ಧ ಸೋತ ವಾದವನ್ನೇ ಚೀನಾ ವಿರುದ್ಧ ತನ್ನ ಕಡೆ ತಿರುಗಿಸಿಕೊಂಡಿತು.

ಇದೇ ಬಿಸಿ ನಮಗೂ ತಟ್ಟಿದೆ. ಭಾರತ 2017ರಿಂದ ಮೊಬೈಲ್ ಫೋನುಗಳ ಮೇಲೆ ಆಮದು ಸುಂಕ ಹಾಕಿ, 2018ರಲ್ಲಿ ಅದನ್ನು 20 ಶೇಕಡಾಕ್ಕೆ ಏರಿಸಿತು. ಇಲ್ಲೇ ಫೋನು ತಯಾರಾಗಲಿ ಅನ್ನುವುದು ಉದ್ದೇಶ. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಎದ್ದಿರುವ ಐಫೋನ್ ಕಾರ್ಖಾನೆಗಳ ಹಿಂದೆ ಆ ಸುಂಕದ ನೀತಿಯೂ ಒಂದು ಕಾರಣ. ಯುರೋಪಿಯನ್ ಒಕ್ಕೂಟ, ಜಪಾನ್, ತೈವಾನ್ ದೂರು ಕೊಟ್ಟವು. ಸುಂಕ ಹಾಕುವುದಿಲ್ಲ ಅಂತ ಮಾಹಿತಿ ತಂತ್ರಜ್ಞಾನ ಉತ್ಪನ್ನಗಳ ಬಗ್ಗೆ 1990ರ ದಶಕದಲ್ಲಿ ಕೊಟ್ಟ ಮಾತು ಇವತ್ತಿನ ಸ್ಮಾರ್ಟ್‌ಫೋನಿಗೆ ಹೇಗೆ ಅನ್ವಯಿಸುತ್ತದೆ ಅಂತ ಭಾರತ ಕೇಳಿತು. ನಿಮ್ಮ ಪ್ರಶ್ನೆಯೇ ಅದು, ಸರಕಿನ ರೂಪದಲ್ಲಿ. ಆ ಹಳೆಯ ಒಪ್ಪಂದವನ್ನು ಬಿಡಿ, ನಿಮ್ಮ ಈಗಿನ ಶೆಡ್ಯೂಲಿನಲ್ಲಿ ಮೊಬೈಲ್ ನೆಟ್‌ವರ್ಕಿನ ಫೋನುಗಳ ಎದುರು ಸೊನ್ನೆ ಅಂತ ಬರೆದಿದೆಯಲ್ಲ, ಅದೇ ಸಾಕು ಅಂತ 2023ರ ಏಪ್ರಿಲ್‌ನಲ್ಲಿ ಪ್ಯಾನೆಲ್‌ಗಳು ಹೇಳಿದವು. ವರ್ಗೀಕರಣ ಹೊಸದಾದಾಗ ಕಣ್ತಪ್ಪಿನಿಂದ ಒಪ್ಪಿಬಿಟ್ಟೆವು ಎಂಬ ಭಾರತದ ವಾದವೂ ನಿಲ್ಲಲಿಲ್ಲ. 10.ಡಿ ಸಾಲಿನಲ್ಲಿ ಅಮೆರಿಕಕ್ಕೆ ಆದದ್ದೇ ಇಲ್ಲಿ ನಮಗೂ ಆಯಿತು.

ಭಾರತ ಜಪಾನ್ ಮತ್ತು ಯುರೋಪಿನ ಕೇಸುಗಳಲ್ಲಿ ಮೇಲ್ಮನವಿ ಹಾಕಿತು. ಆದರೆ ಕೇಳಲು ಅಪೆಲೆಟ್ ಬಾಡಿಯೇ ಇಲ್ಲ. ಹೊಸ ಸದಸ್ಯರ ನೇಮಕವನ್ನು ಅಮೆರಿಕ ತಡೆದದ್ದರಿಂದ 2019ರ ಡಿಸೆಂಬರ್‌ನಿಂದ ಅದು ಕೆಲಸ ನಿಲ್ಲಿಸಿದೆ. ಮೇಲ್ಮನವಿ ಹಾಕಿದರೆ ಪ್ಯಾನೆಲ್ ವರದಿ ಜಾರಿಗೆ ಬರುವುದಿಲ್ಲ, ತೀರ್ಮಾನವೂ ಆಗುವುದಿಲ್ಲ, ಕೇಸು ಅಲ್ಲೇ ತೂಗಾಡುತ್ತದೆ. ಯುರೋಪು, ಚೀನಾ, ಜಪಾನ್‌ ಸೇರಿದಂತೆ ಕೆಲವು ಸದಸ್ಯರು ತಮ್ಮೊಳಗೇ ಮಧ್ಯಸ್ಥಿಕೆಯ ಬದಲಿ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಭಾರತ ಅದಕ್ಕೆ ಸೇರಿಲ್ಲ. ನಮ್ಮ ಸರ್ಕಾರಕ್ಕೆ ಇದು ಸದ್ಯಕ್ಕೆ ಅನುಕೂಲ. ನಾಳೆ ನಮ್ಮ ಸಾಫ್ಟ್‌ವೇರ್ ಸೇವೆಗೆ ಯಾರೋ ಅಡ್ಡಗೋಡೆ ಕಟ್ಟಿ, ನಾವು ಗೆದ್ದು, ಅವರು ಹೀಗೇ ಶೂನ್ಯಕ್ಕೆ ಮೇಲ್ಮನವಿ ಹಾಕಿದರೆ? ನನಗೆ ಚಿಂತೆ ಇರುವುದು ಅದರ ಬಗ್ಗೆ.

ಈಗ ನಿಮ್ಮ ಮೂರನೆಯ ಪ್ರಶ್ನೆ. ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಗೆ ರಾಷ್ಟ್ರಪತಿ ಸಹಿ ಬಿದ್ದದ್ದು 2025ರ ಆಗಸ್ಟ್ 22ರಂದು. ಕೌಶಲದ ಆಟವೋ ಅದೃಷ್ಟದ ಆಟವೋ ಅಂತ ಅದು ಭೇದ ಮಾಡುವುದಿಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟವನ್ನು ನಡೆಸುವುದು, ಅದರ ಜಾಹೀರಾತು, ಅದಕ್ಕೆ ಬ್ಯಾಂಕಿನಿಂದ ಹಣ ವರ್ಗಾವಣೆ, ಎಲ್ಲವೂ ನಿಷಿದ್ಧ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಹೊರದೇಶದಲ್ಲಿ ಕೂತು ಇಲ್ಲಿನವರಿಗೆ ಆಡಿಸಿದರೂ ಅನ್ವಯ. ಕರ್ನಾಟಕಕ್ಕೆ ಇದು ಹೊಸ ಜಗಳವಲ್ಲ. 2021ರಲ್ಲಿ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥದ್ದೇ ನಿಷೇಧ ಹಾಕಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತ್ತು. ಕೇಂದ್ರದ ಕಾಯ್ದೆಯ ವಿರುದ್ಧದ ಅರ್ಜಿಗಳನ್ನು ಸುಪ್ರೀಂ ಕೋರ್ಟು ತನ್ನ ಬಳಿಗೇ ತರಿಸಿಕೊಂಡಿತು. ಅದು ಸಂವಿಧಾನದ ಪ್ರಶ್ನೆ, ಅದನ್ನು ಇಲ್ಲಿ ಬೆರೆಸುವುದು ಬೇಡ.

ಡಬ್ಲ್ಯೂಟಿಒ ಬಾಗಿಲು ತಟ್ಟಬೇಕಾದರೆ ಮೊದಲು ಒಂದು ದೇಶ ಬೇಕು. ಕಂಪನಿ ಎಷ್ಟೇ ದೊಡ್ಡದಿರಲಿ, ಅಲ್ಲಿ ದೂರು ಕೊಡುವಂತಿಲ್ಲ. ಆ ದೇಶ ಎರಡನೆಯದಾಗಿ ಭಾರತದ ಶೆಡ್ಯೂಲಿನಲ್ಲಿ ಒಂದು ಸಾಲು ತೋರಿಸಬೇಕು. ಕಷ್ಟ ಇರುವುದು ಇಲ್ಲೇ. 1994ರಲ್ಲಿ ಭಾರತ ಮಾತು ಕೊಟ್ಟದ್ದು ವ್ಯವಹಾರ ಸೇವೆ, ಸಂಪರ್ಕ, ನಿರ್ಮಾಣ, ಹಣಕಾಸು, ಆರೋಗ್ಯ, ಪ್ರವಾಸೋದ್ಯಮ ಈ ವಿಭಾಗಗಳಲ್ಲಿ. ಅಮೆರಿಕ ಎಡವಿದ 10ನೇ ವಿಭಾಗ, ಅಂದರೆ ಮನರಂಜನೆ ಮತ್ತು ಕ್ರೀಡೆ, ನಮ್ಮ ಪಟ್ಟಿಗೆ ಬಂದೇ ಇಲ್ಲ. ಸಾಲೇ ಇಲ್ಲದಿದ್ದರೆ 16ನೇ ವಿಧಿ ಅಂಟುವುದಿಲ್ಲ. ಸೊನ್ನೆ ಕೋಟಾ ಅನ್ನುವ ವಾದವೂ ನಿಲ್ಲುವುದಿಲ್ಲ.

ಜಾಣ ವಕೀಲ ಇಲ್ಲಿಗೇ ಬಿಡುವುದಿಲ್ಲ. ಆನ್‌ಲೈನ್ ಆಟ ಅಂದರೆ ಸಾಫ್ಟ್‌ವೇರು, ಭಾರತ ಕಂಪ್ಯೂಟರ್ ಸೇವೆಗಳ ಬಗ್ಗೆ ಮಾತು ಕೊಟ್ಟಿದೆ, ಆದ್ದರಿಂದ ಇದು ಅಲ್ಲಿ ಬರುತ್ತದೆ ಅಂತ ವಾದಿಸಬಹುದು. ಆನ್‌ಲೈನ್ ಆಟಗಳನ್ನು ಯಾವ ವಿಭಾಗಕ್ಕೆ ಸೇರಿಸಬೇಕು ಅನ್ನುವುದು ಡಬ್ಲ್ಯೂಟಿಒದಲ್ಲಿ ಹಳೆಯ ಚರ್ಚೆ, ಒಮ್ಮತವಿಲ್ಲ. ಆದರೆ ಹಣದ ಆಟಕ್ಕೆ ಈ ವಾದ ದುರ್ಬಲ ಅಂತ ನನ್ನ ಅಭಿಪ್ರಾಯ. ಜೂಜಿಗೆ 96492 ಅಂತ ತನ್ನದೇ ಮನೆ ಇರುವಾಗ, ಕಂಪ್ಯೂಟರ್ ಬಳಸುತ್ತದೆ ಅನ್ನುವ ಕಾರಣಕ್ಕೆ ಬೇರೆ ಮನೆಗೆ ಸೇರಿಸಲು ಆಗುವುದಿಲ್ಲ. ಹಾಗೆ ಸೇರಿಸುವುದಾದರೆ ಇವತ್ತು ಬ್ಯಾಂಕೂ ಕಂಪ್ಯೂಟರ್ ಸೇವೆಯೇ, ಪಾಠವೂ ಕಂಪ್ಯೂಟರ್ ಸೇವೆಯೇ. ತಂತ್ರಜ್ಞಾನ ತಟಸ್ಥತೆಯ ತತ್ವ ಎರಡೂ ಕಡೆ ಕೆಲಸ ಮಾಡುತ್ತದೆ. ಸಾಧನ ಬದಲಾದರೂ ಸೇವೆ ಬದಲಾಗುವುದಿಲ್ಲ.

ಒಂದು ವೇಳೆ ಆ ಹಂತ ದಾಟಿದರೂ 14ನೇ ವಿಧಿ ಇದೆ. ಚಟ, ಸಾಲ, ಆತ್ಮಹತ್ಯೆ, ಅಕ್ರಮ ಹಣ, ಇವೇ ಸರ್ಕಾರ ಸಂಸತ್ತಿನಲ್ಲಿ ಕೊಟ್ಟ ಕಾರಣಗಳು. ಅಮೆರಿಕದ ಕಾಳಜಿಗಳನ್ನು ಒಪ್ಪಿದವರು ಇವನ್ನೂ ಒಪ್ಪುತ್ತಾರೆ. ಕೌಶಲ, ಅದೃಷ್ಟ ಅಂತ ಭೇದ ಮಾಡದೆ, ಒಳಗಿನವರು ಹೊರಗಿನವರು ಅಂತಲೂ ನೋಡದೆ ನಿಷೇಧಿಸಿದ್ದು ಸಂವಿಧಾನದ ದೃಷ್ಟಿಯಿಂದ ಒರಟು ಅನ್ನಿಸಿದರೂ ಜಿನೀವಾದಲ್ಲಿ ಅದೇ ಬಲ. ದುರ್ಬಲ ಜಾಗ ಒಂದಿದ್ದರೆ ಅದು ಮತ್ತೆ ಕುದುರೆಯೇ. 1996ರಲ್ಲಿ ನಮ್ಮ ಸುಪ್ರೀಂ ಕೋರ್ಟು ಕುದುರೆ ರೇಸು ಕೌಶಲದ ಆಟ ಅಂತ ಹೇಳಿದೆ. ಬೆಂಗಳೂರು, ಮೈಸೂರಿನ ರೇಸ್‌ಕೋರ್ಸ್‌ಗಳಲ್ಲಿ ಜನ ಬಾಜಿ ಕಟ್ಟುತ್ತಾರೆ. ಮೈದಾನದಲ್ಲಿ ನಿಂತು ಕಟ್ಟುವುದಕ್ಕೂ ರಾತ್ರಿ ಮಲಗುವ ಕೋಣೆಯಲ್ಲಿ ಫೋನು ಹಿಡಿದು ಕಟ್ಟುವುದಕ್ಕೂ ಅಪಾಯದಲ್ಲಿ ವ್ಯತ್ಯಾಸ ಇದೆ ಅಂತ ವಾದಿಸಬಹುದು. ಅಮೆರಿಕವೂ ಹಾಗೇ ವಾದಿಸಿತ್ತು. ಅದು ಸೋತದ್ದು ಆನ್‌ಲೈನ್ ಬಾಜಿಯಲ್ಲೇ ತನ್ನವರಿಗೆ ಬೇರೆ, ಹೊರಗಿನವರಿಗೆ ಬೇರೆ ನಿಯಮ ಇಟ್ಟದ್ದಕ್ಕೆ. ನಾಳೆ ನಮ್ಮ ಯಾವುದೋ ಟರ್ಫ್ ಕ್ಲಬ್ಬಿಗೆ ಮಾತ್ರ ಆನ್‌ಲೈನ್ ಬಾಜಿಗೆ ರಿಯಾಯಿತಿ ಕೊಟ್ಟು, ಹೊರದೇಶದ ಕಂಪನಿಗೆ ಇಲ್ಲ ಅಂದರೆ, ಆವಾಗ ಭಾರತದ ವಕೀಲರಿಗೆ ಕಷ್ಟವಾಗುತ್ತದೆ.

ಕೊನೆಯದಾಗಿ ಒಂದು ಮಾತು ಓದಿನ ಬಗ್ಗೆ. 2024ರ ಜುಲೈಯಲ್ಲಿ ಸುಮಾರು 80 ಸದಸ್ಯರು ಎಲೆಕ್ಟ್ರಾನಿಕ್ ವ್ಯಾಪಾರಕ್ಕೇ ಒಂದು ಪ್ರತ್ಯೇಕ ಒಪ್ಪಂದದ ಪಠ್ಯವನ್ನು ಸಿದ್ಧಪಡಿಸಿದರು. ಭಾರತ ಆ ಗುಂಪಿನಲ್ಲಿ ಇಲ್ಲ. ಹಾಗಾಗಿ ನಮ್ಮ ಮಟ್ಟಿಗೆ ಡಿಜಿಟಲ್ ಸೇವೆಗಳ ಕಾನೂನು ಅಂದರೆ ಈಗಲೂ ಗ್ಯಾಟ್ಸ್, ಅದರ ಶೆಡ್ಯೂಲು, ಜೊತೆಗೆ ನಾವು ಬೇರೆ ಬೇರೆ ದೇಶಗಳೊಂದಿಗೆ ಮಾಡಿಕೊಂಡ ಮುಕ್ತ ವ್ಯಾಪಾರ ಒಪ್ಪಂದಗಳು. ಸೆಮಿನಾರಿಗೆ ತಯಾರಾಗುವಾಗ ಮೊದಲು ಭಾರತದ ಶೆಡ್ಯೂಲನ್ನು ಡಬ್ಲ್ಯೂಟಿಒ ಜಾಲತಾಣದಿಂದ ಇಳಿಸಿಕೊಂಡು ಕಂಪ್ಯೂಟರ್ ಸೇವೆಗಳ ಸಾಲನ್ನು ಓದಿ. ಒಂದನೆಯ ವಿಧಾನದ ಎದುರು ಏನು ಬರೆದಿದೆ ನೋಡಿ. ಆಮೇಲೆ ಆಂಟಿಗುವಾ ಕೇಸಿನ ಅಪೆಲೆಟ್ ಬಾಡಿ ವರದಿ ತೆಗೆಯಿರಿ, ಕೇಸಿನ ಸಂಖ್ಯೆ ಡಿಎಸ್ 285. ವರದಿ ಉದ್ದ ಇದೆ, ಆದರೆ 10.ಡಿ ಸಾಲಿನ ಚರ್ಚೆ ಮತ್ತು 14ನೇ ವಿಧಿಯ ಭಾಗ, ಇವೆರಡನ್ನು ನಿಧಾನವಾಗಿ ಓದಿದರೆ ಸಾಕು.